ನಾರ್ಡಿಕ್ ಶೈಲಿಗೆ ಮನೆ ಸಜ್ಜುಗೊಳಿಸುವುದು: ಕಿಟಕಿಯಿಂದ ಹೂಕುಂಡದವರೆಗೆ

ಓದುಗರು ನನಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ, ಮಾತು ಮಾತ್ರ ಬೇರೆ ಬೇರೆ. "ಗೋಡೆಗೆಲ್ಲ ಬಿಳಿ ಬಳಿಸಿದೆವು, ಬೂದು ಸೋಫಾ ತಂದೆವು, ಚಿತ್ರದಲ್ಲಿ ಕಂಡಂತೆಯೇ ಎಲ್ಲವನ್ನೂ ಮಾಡಿದೆವು. ಆದರೂ ಮನೆ ಆಸ್ಪತ್ರೆಯ ವಾರ್ಡಿನಂತೆ ಕಾಣುತ್ತದೆ. ಎಲ್ಲಿ ಎಡವಿದೆವು?"

ಎಡವಿದ್ದು ಕ್ರಮದಲ್ಲಿ. ಹೆಚ್ಚಿನವರು ಸಾಮಾನಿನಿಂದ ಶುರು ಮಾಡುತ್ತಾರೆ, ಆಮೇಲೆ ಗೋಡೆಗೆ ಬರುತ್ತಾರೆ, ಬೆಳಕಿನ ಯೋಚನೆ ಬರುವ ಹೊತ್ತಿಗೆ ಗಂಟು ಕರಗಿರುತ್ತದೆ. ನಾರ್ಡಿಕ್ ಮನೆಗಳು ಹುಟ್ಟಿದ್ದು ಇದರ ತಿರುವುಮುರುವು ಕ್ರಮದಲ್ಲಿ. ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಫಿನ್‌ಲೆಂಡ್, ಐಸ್‌ಲೆಂಡ್ ಎಂಬ ಐದು ದೇಶಗಳನ್ನು ಒಟ್ಟಾಗಿ ನಾರ್ಡಿಕ್ ಎನ್ನುತ್ತಾರೆ. ಡಿಸೆಂಬರ್ ತಿಂಗಳಿನಲ್ಲಿ ಸ್ಟಾಕ್‌ಹೋಮ್ ನಗರಕ್ಕೆ ಸಿಗುವ ಹಗಲು ಸುಮಾರು ಆರು ಗಂಟೆ ಮಾತ್ರ. ನಾರ್ವೆಯ ಉತ್ತರದ ಟ್ರೋಮ್ಸೋದಲ್ಲಂತೂ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ದಿಗಂತದ ಮೇಲೆ ತಲೆ ಎತ್ತುವುದೇ ಇಲ್ಲ. ಅಂಥ ಕಡೆ ವಾಸಿಸುವವರು ಒಳಗೆ ಬಂದ ಒಂದಿಷ್ಟು ಬೆಳಕನ್ನು ಗೋಡೆಯಿಂದ ಗೋಡೆಗೆ ದಾಟಿಸಿ ಉಳಿಸಿಕೊಳ್ಳಲು ಕಲಿತರು. ತಿಳಿ ಬಣ್ಣದ ಗೋಡೆ, ತಿಳಿ ಮರದ ನೆಲ, ತೆಳು ಪರದೆ ಎಲ್ಲವೂ ಆ ಲೆಕ್ಕಾಚಾರದ ಫಲ. ನಿಮ್ಮ ಮನೆಯ ಬೆಳಕಿನ ಲೆಕ್ಕ ಬೇರೆಯಾಗಿದ್ದರೆ ಉತ್ತರವೂ ಬೇರೆಯಾಗಬೇಕು. ಅವರ ಉತ್ತರವನ್ನು ನಕಲು ಮಾಡದೆ ಅವರ ಲೆಕ್ಕ ಹಾಕುವ ರೀತಿಯನ್ನು ಎರವಲು ತನ್ನಿ.

ಶುರು ಮಾಡುವ ಮುನ್ನ ಬೇಕಾದವು

ಒಂದು ನೋಟ್‌ಪುಸ್ತಕ, ಅಳತೆ ಟೇಪು, ನಾಲ್ಕಾರು ಬಿಳಿ ಎ4 ಹಾಳೆಗಳು, ಬಣ್ಣ ಪರೀಕ್ಷಿಸಲು ದಪ್ಪ ರಟ್ಟು, ಸಾಮಾನು ತುಂಬಿಡಲು ಮೂರು ನಾಲ್ಕು ಪೆಟ್ಟಿಗೆಗಳು. ಇಷ್ಟು ಸಾಕು. ಮೊದಲ ಎರಡು ಹಂತ ಮುಗಿಯುವವರೆಗೆ ಏನನ್ನೂ ಕೊಳ್ಳಬೇಡಿ. ಈ ಒಂದು ಮಾತನ್ನು ಪಾಲಿಸಿದವರು ಉಳಿದ ತಪ್ಪುಗಳಲ್ಲಿ ಅರ್ಧದಿಂದ ಪಾರಾಗುತ್ತಾರೆ.

ಹಂತ 1: ಬೆಳಕನ್ನು ಬರೆದಿಡಿ

ರಜೆಯ ಒಂದು ದಿನವನ್ನು ಇದಕ್ಕೆ ಮೀಸಲಿಡಿ. ಬೆಳಗ್ಗೆ 8, ಮಧ್ಯಾಹ್ನ 12, ಸಂಜೆ 4, ರಾತ್ರಿ 8, ಈ ನಾಲ್ಕು ಹೊತ್ತಿನಲ್ಲಿ ಪ್ರತಿ ಕೋಣೆಯ ನಡುವೆ ನಿಂತು ನೋಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ, ಎಲ್ಲಿಯವರೆಗೆ ತಲುಪುತ್ತಿದೆ, ಯಾವ ಮೂಲೆ ಮಂಕಾಗಿದೆ ಎಂದು ಬರೆದುಕೊಳ್ಳಿ.

ಈಗ ಬಿಳಿ ಹಾಳೆಯ ಪ್ರಯೋಗ. ಒಂದು ಎ4 ಹಾಳೆಯನ್ನು ಕಿಟಕಿಯ ಪಕ್ಕದ ಗೋಡೆಗೆ, ಇನ್ನೊಂದನ್ನು ಕಿಟಕಿಯಿಂದ ಅತಿ ದೂರದ ಗೋಡೆಗೆ ಅಂಟಿಸಿ. ಎರಡೂ ಒಂದೇ ಕಟ್ಟಿನ ಹಾಳೆಗಳು. ಆದರೂ ಹೊತ್ತು ಸರಿದಂತೆ ಒಂದು ತಿಳಿ ನೀಲಿಯಾಗಿ, ಇನ್ನೊಂದು ಬೂದಿಯಂತೆ, ಸಂಜೆಗೆ ಎರಡೂ ಕೆನೆಯಂತೆ ಕಾಣುವುದನ್ನು ನೋಡುತ್ತೀರಿ. ನೇರ ಬಿಸಿಲು ಬೀಳದ ಕಿಟಕಿಯಿಂದ ಒಳಬರುವುದು ಆಕಾಶದ ಬೆಳಕು, ಅದರಲ್ಲಿ ನೀಲಿ ಪಾಲು ಹೆಚ್ಚು. ಎದುರಿನ ಕಟ್ಟಡ ಕೆಂಪು ಇಟ್ಟಿಗೆಯದಾಗಿದ್ದರೆ ಹಾಳೆಗೂ ಕೆಂಪು ಮೆತ್ತಿಕೊಳ್ಳುತ್ತದೆ. ನಿಮ್ಮ ಗೋಡೆಯ ಬಿಳಿಯೂ ಹೀಗೆಯೇ ವರ್ತಿಸಲಿದೆ.

ಕೊನೆಗೆ ಪ್ರತಿ ಕೋಣೆಗೂ ಒಂದು ಗುರುತು ಹಾಕಿ: ಬೆಳಕು ಕಡಿಮೆ, ಸಾಕಷ್ಟು, ಅತಿ. ಮುಂದಿನ ಎಲ್ಲ ತೀರ್ಮಾನಗಳೂ ಈ ಗುರುತಿನ ಮೇಲೆ ನಿಲ್ಲುತ್ತವೆ.

ಹಂತ 2: ಕಿಟಕಿ ಬಿಡಿಸಿ, ಕೋಣೆ ಹಗುರ ಮಾಡಿ

ಕಿಟಕಿಯ ಗಾಜನ್ನು ಒಳಗೂ ಹೊರಗೂ ತೊಳೆಯಿರಿ. ನಗಬೇಡಿ, ಬಿಟ್ಟಿಯಾಗಿ ಸಿಗುವ ಅತಿ ದೊಡ್ಡ ಸುಧಾರಣೆ ಇದೇ. ಕಿಟಕಿಗೆ ಅಡ್ಡ ನಿಂತ ಬೀರು, ಕುರ್ಚಿಯ ಎತ್ತರದ ಬೆನ್ನು, ಮೇಜಿನ ಮೇಲಿನ ರಾಶಿ ಎಲ್ಲವನ್ನೂ ಪಕ್ಕಕ್ಕೆ ಸರಿಸಿ. ಭಾರವಾದ ಪರದೆ ಇದ್ದರೆ ತೆಗೆಯಿರಿ. ಅದರ ಜಾಗಕ್ಕೆ ತೆಳುವಾದ ಲಿನನ್, ಅಂದರೆ ಅಗಸೆ ನಾರಿನ ಬಟ್ಟೆ, ಅಥವಾ ತೆಳು ಹತ್ತಿಯ ಪರದೆ ಹಾಕಿ. ಪರದೆಯ ಕೋಲನ್ನು ಕಿಟಕಿಯ ಚೌಕಟ್ಟಿಗಿಂತ ಎರಡೂ ಬದಿ 15-20 ಸೆಂಟಿಮೀಟರ್ ಅಗಲ ಇಟ್ಟರೆ, ಪರದೆ ಸರಿಸಿದಾಗ ಬಟ್ಟೆ ಗೋಡೆಯ ಮೇಲೆ ನಿಲ್ಲುತ್ತದೆ, ಗಾಜು ಪೂರ್ತಿ ತೆರೆದುಕೊಳ್ಳುತ್ತದೆ.

'ಅತಿ' ಎಂದು ಗುರುತು ಹಾಕಿದ ಕೋಣೆಗೆ ಎರಡು ಪದರ ಇರಲಿ. ತೆಳು ಪರದೆಯ ಹಿಂದೆ ಮೇಲಕ್ಕೆ ಸುತ್ತಿಡುವ ಇನ್ನೊಂದು. ಕಣ್ಣು ಕೋರೈಸುವ ಬಿಸಿಲನ್ನು ಒಳಗೆ ಬಿಟ್ಟುಕೊಂಡು 'ನಾರ್ಡಿಕ್ ಎಂದರೆ ಬೆಳಕು' ಎಂದು ಸಹಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಕನ್ನಡಿಯ ಬಗ್ಗೆ ಒಂದು ಮಾತು. ಕಿಟಕಿಯ ನೇರ ಎದುರಿಗೆ ಕನ್ನಡಿ ಇಟ್ಟರೆ ಬೆಳಕಿನ ಬಹುಪಾಲು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಕಿಟಕಿಗೆ ಲಂಬವಾಗಿರುವ ಪಕ್ಕದ ಗೋಡೆಯಲ್ಲಿಟ್ಟರೆ ಅದು ಕೋಣೆಯ ಆಳಕ್ಕೆ ಹರಡುತ್ತದೆ.

ಇನ್ನು ಪೆಟ್ಟಿಗೆಗಳ ಸರದಿ. ಮೇಜು, ಕಪಾಟು, ಕಿಟಕಿಯ ಕಟ್ಟೆ ಇವುಗಳ ಮೇಲಿರುವ ಅಲಂಕಾರದ ಎಲ್ಲ ವಸ್ತುಗಳನ್ನೂ ಪೆಟ್ಟಿಗೆಗೆ ಹಾಕಿ ಎರಡು ವಾರ ಕಣ್ಮರೆ ಮಾಡಿ. ಎರಡು ವಾರದಲ್ಲಿ ನೀವಾಗಿಯೇ ನೆನೆದು ಹುಡುಕಿಕೊಂಡು ಹೋದವು ಮಾತ್ರ ಮರಳಿ ಬರಲಿ. ಸ್ವೀಡಿಷ್ ಭಾಷೆಯಲ್ಲಿ 'ಲಾಗೋಮ್' ಎಂಬ ಪದವಿದೆ. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಹದವಾಗಿ ಎಂದು ಅರ್ಥ. ಅಂಗಡಿಗಳು ಈ ಪದವನ್ನೇ ಮುಂದಿಟ್ಟು ಇನ್ನಷ್ಟು ಸಾಮಾನು ಮಾರುವುದನ್ನು ನೋಡಿದಾಗ ನನಗೆ ನಗು ಬರುತ್ತದೆ.

ಎಚ್ಚರಿಕೆ: ಎಲ್ಲವನ್ನೂ ಎತ್ತಿ ಬಿಸಾಡುವ ಉತ್ಸಾಹ ಬೇಡ. ಬೋಳು ಮನೆ ನಾರ್ಡಿಕ್ ಅಲ್ಲ. ಅಜ್ಜಿಯ ಕಾಲದ ಪೆಟ್ಟಿಗೆ, ಸವೆದ ಮರದ ಸ್ಟೂಲು ಇವು ಈ ಶೈಲಿಗೆ ಹೇಳಿ ಮಾಡಿಸಿದಂತಿರುತ್ತವೆ.

ಹಂತ 3: ಬಿಳಿಗಳಲ್ಲಿ ಸರಿಯಾದ ಬಿಳಿ

ಆಸ್ಪತ್ರೆಯ ವಾರ್ಡು ಹುಟ್ಟುವುದು ಇಲ್ಲಿ. ಬಿಳಿ ಎಂಬುದು ಒಂದೇ ಬಣ್ಣವಲ್ಲ. ಪ್ರತಿ ಬಿಳಿಗೂ ಒಂದು ಒಳಛಾಯೆ ಇರುತ್ತದೆ, ಅಂದರೆ ಮೇಲ್ನೋಟಕ್ಕೆ ಕಾಣದ ಹಳದಿ, ನೀಲಿ, ಹಸಿರು ಅಥವಾ ಕೆಂಪಿನ ಸೋಂಕು. ನಾನೇ ಒಮ್ಮೆ ನೇರ ಬಿಸಿಲು ಕಾಣದ ಕೋಣೆಗೆ ನೀಲಿ ಸೋಂಕಿನ ಬಿಳಿ ಬಳಿಸಿ, ಗೋಡೆಯೆಲ್ಲ ನೀರು ಬೆರೆಸಿದ ಹಾಲಿನಂತಾಗಿ, ತಿಂಗಳೊಳಗೆ ಮತ್ತೆ ಬಳಿಸಿದ್ದೇನೆ.

ಬಣ್ಣದ ಸಂಕೇತ ಓದುವುದನ್ನು ಕಲಿತರೆ ಈ ಕಷ್ಟವಿಲ್ಲ. ಸ್ವೀಡನ್ನಿನಲ್ಲಿ ರೂಪುಗೊಂಡ ಎನ್‌ಸಿಎಸ್ ಎಂಬ ಬಣ್ಣ ಪದ್ಧತಿ ನಾರ್ಡಿಕ್ ದೇಶಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಅಲ್ಲಿನ ಮನೆಗಳಿಗೆ ಹೆಚ್ಚಾಗಿ ಬಳಿಯುವ ಬಿಳಿಗಳಲ್ಲೊಂದು 'ಎಸ್ 0502-ವೈ'. ಮೊದಲ ಎರಡು ಅಂಕಿ, 05, ಕಪ್ಪಿನ ಪಾಲು. ಮುಂದಿನ 02 ಬಣ್ಣದ ಗಾಢತೆ. ವೈ ಎಂದರೆ ಹಳದಿ. ಒಟ್ಟಿನಲ್ಲಿ ನೂರರಲ್ಲಿ ಐದರಷ್ಟು ಕಪ್ಪು, ಎರಡರಷ್ಟು ಹಳದಿ ಸೋಂಕಿದ ಬಿಳಿ. ಚಿತ್ರಗಳಲ್ಲಿ ಹಾಲುಬಿಳುಪಾಗಿ ಕಾಣುವ ಗೋಡೆಯಲ್ಲಿ ಕೂಡ ಇಷ್ಟು ಬೆಚ್ಚಗಿನ ಅಂಶ ಅಡಗಿರಬಹುದು.

ಇನ್ನೊಂದು ಅಂಕಿ ಎಲ್‌ಆರ್‌ವಿ. ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ಹಿಂದಿರುಗಿಸುತ್ತದೆ ಎಂಬುದರ ಅಳತೆ ಇದು. ಕಡುಗಪ್ಪು 0, ಶುದ್ಧ ಬಿಳಿ 100. ಅನೇಕ ತಯಾರಕರು ಬಣ್ಣದ ಪಟ್ಟಿಯಲ್ಲೇ ಇದನ್ನು ಕೊಡುತ್ತಾರೆ. 'ಕಡಿಮೆ' ಗುರುತಿನ ಕೋಣೆಗೆ 80ರ ಮೇಲಿನದು, ಅದೂ ಹಳದಿ ಅಥವಾ ಕೆಂಪು ಸೋಂಕಿನದು ಒಪ್ಪುತ್ತದೆ. 'ಅತಿ' ಗುರುತಿನ ಕೋಣೆಗೆ 60-70ರ ಆಸುಪಾಸಿನ ಮಣ್ಣುಬೂದು, ಓಟ್ಸ್ ಬಣ್ಣ, ಮಂಕು ಹಸಿರು ಕಣ್ಣಿಗೆ ಹಿತ. ಅಲ್ಲಿ ಅಪ್ಪಟ ಬಿಳಿ ಬಳಿದರೆ ಮಧ್ಯಾಹ್ನ ಕಣ್ಣು ಬಿಡಲಾಗದು. ಗೋಡೆಗೆ ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣವೇ ಇರಲಿ. ಹೊಳಪಿನ ಬಣ್ಣ ಗೋಡೆಯ ಪ್ರತಿ ಉಬ್ಬು ತಗ್ಗನ್ನೂ ಎತ್ತಿ ತೋರಿಸುತ್ತದೆ.

ಪರೀಕ್ಷೆ ಹೀಗೆ: ಎ3 ಅಳತೆಯ ರಟ್ಟಿಗೆ ಎರಡು ಕೈ ಬಣ್ಣ ಬಳಿದು, ಒಣಗಿಸಿ, ಹಂತ 1ರ ನಾಲ್ಕು ಹೊತ್ತಿನಲ್ಲೂ ಬೇರೆ ಬೇರೆ ಗೋಡೆಗೆ ಆನಿಸಿ ನೋಡಿ. ಗೋಡೆಯ ಮೇಲೇ ನೇರವಾಗಿ ಬಳಿದು ನೋಡಿದರೆ ಸುತ್ತಲಿನ ಹಳೆಯ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಅಂಗಡಿಯ ಬೆಳಕಿನಲ್ಲಿ ಬೆರಳುದ್ದದ ಚೀಟಿ ನೋಡಿ ಆರಿಸುವುದಂತೂ ಬೇಡವೇ ಬೇಡ.

ಹಂತ 4: ರಾತ್ರಿಯ ಬೆಳಕು

ಚಾವಣಿಯ ನಡುವೆ ಒಂದೇ ದೀಪ, ಅದೂ ಹಾಲಿನ ಬಣ್ಣದ್ದು: ಇಷ್ಟಿದ್ದರೆ ಹಗಲಿಡೀ ಮಾಡಿದ ಕೆಲಸ ರಾತ್ರಿಗೆ ಮಣ್ಣುಪಾಲು. ನಾರ್ಡಿಕ್ ಮನೆಯ ಸಂಜೆಯನ್ನು ಗಮನಿಸಿದರೆ ಒಂದು ಕೋಣೆಯಲ್ಲಿ ಐದಾರು ಸಣ್ಣ ದೀಪಗಳು, ಬೇರೆ ಬೇರೆ ಎತ್ತರದಲ್ಲಿ, ಪ್ರತಿಯೊಂದೂ ತನ್ನ ಸುತ್ತ ಒಂದು ಪುಟ್ಟ ಬೆಳಕಿನ ಕೊಳ ಮಾಡಿಕೊಂಡಿರುತ್ತವೆ. ಓದುವ ಕುರ್ಚಿಯ ಪಕ್ಕ ಒಂದು, ಊಟದ ಮೇಜಿನ ಮೇಲೆ ತೂಗುವ ಒಂದು, ಕಪಾಟಿನ ಮೇಲೊಂದು, ಕಿಟಕಿಯ ಕಟ್ಟೆಯಲ್ಲೊಂದು.

ಬಲ್ಬ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಎರಡು ಅಂಕಿ ನೋಡಿ. ಮೊದಲನೆಯದು ಕೆಲ್ವಿನ್, ಬೆಳಕಿನ ಬಣ್ಣದ ಅಳತೆ. ಮೇಣದ ಬತ್ತಿ 1900ರ ಆಸುಪಾಸು, ಹಳೆಯ ತಂತಿಯ ಬಲ್ಬ್ 2700, ಕಚೇರಿಗಳ ಬಿಳಿ ಬೆಳಕು 4000, ಹಗಲು 5500-6500. ಅಂಕಿ ಏರಿದಷ್ಟೂ ಬೆಳಕು ನೀಲಿಯಾಗುತ್ತದೆ. ವಾಸದ ಕೋಣೆಗೆ 2700 ಅಥವಾ ಅದಕ್ಕಿಂತ ಕಡಿಮೆ. ಎರಡನೆಯದು ಸಿಆರ್‌ಐ, ಆ ಬೆಳಕಿನಲ್ಲಿ ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದಕ್ಕೆ 100ಕ್ಕೆ ಕೊಡುವ ಅಂಕ. 90ರ ಮೇಲಿನದನ್ನೇ ತನ್ನಿ. 80ರ ಬಲ್ಬಿನಲ್ಲಿ ಮರ ಸತ್ತಂತೆ ಕಾಣುತ್ತದೆ.

ಒಂದೇ ಕೋಣೆಯಲ್ಲಿ 2700 ಮತ್ತು 4000 ಬಲ್ಬುಗಳನ್ನು ಬೆರೆಸುವುದು ಅತಿ ಸಾಮಾನ್ಯ ತಪ್ಪು. ಒಂದು ಮೂಲೆ ಬೆಚ್ಚಗೆ, ಇನ್ನೊಂದು ಮೂಲೆ ತಣ್ಣಗೆ ಕಂಡು ಕೋಣೆ ಎರಡು ಹೋಳಾಗುತ್ತದೆ.

ಡೆನ್ಮಾರ್ಕಿನ ದೀಪ ವಿನ್ಯಾಸಕ ಪೌಲ್ ಹೆನ್ನಿಂಗ್ಸೆನ್ 1920ರ ದಶಕದಿಂದಲೇ ಹಿಡಿದ ಹಟ ಒಂದೇ: ಎಲ್ಲಿ ಕುಳಿತರೂ ಬಲ್ಬ್ ಕಣ್ಣಿಗೆ ಕಾಣಬಾರದು, ಬೆಳಕು ಮಾತ್ರ ಸಿಗಬೇಕು. ಒಂದರ ಮೇಲೊಂದು ಬಟ್ಟಲಿಟ್ಟಂಥ ಅವರ ದೀಪದ ಛತ್ರಿಗಳು ಹುಟ್ಟಿದ್ದು ಅದರಿಂದ. 1958ರ ಪಿಎಚ್5 ದೀಪ ಇಂದಿಗೂ ತಯಾರಾಗುತ್ತಿದೆ. ಅದನ್ನೇ ಕೊಳ್ಳಬೇಕಿಲ್ಲ, ಅವರ ಪರೀಕ್ಷೆಯನ್ನು ಬಳಸಿಕೊಳ್ಳಿ. ಮನೆಯ ಪ್ರತಿ ಕುರ್ಚಿಯಲ್ಲೂ ಒಮ್ಮೆ ಕುಳಿತು ಸುತ್ತ ನೋಡಿ. ಬರಿ ಬಲ್ಬ್ ಕಣ್ಣಿಗೆ ಚುಚ್ಚಿದರೆ ದೀಪವನ್ನು ಕೆಳಗಿಳಿಸಿ, ತಿರುಗಿಸಿ ಅಥವಾ ಆಳವಾದ ಛತ್ರಿ ಹಾಕಿ. ಊಟದ ಮೇಜಿನ ಮೇಲಿನ ತೂಗುದೀಪದ ಕೆಳ ಅಂಚು ಮೇಜಿನಿಂದ ಸುಮಾರು 60 ಸೆಂಟಿಮೀಟರ್ ಎತ್ತರದಲ್ಲಿರಲಿ. ಬಹಳ ಕೆಳಗಾಯಿತು ಅನ್ನಿಸುತ್ತದೆ. ಕುಳಿತು ನೋಡಿ, ಎದುರಿನವರ ಮುಖ ಕಾಣುತ್ತದೆ, ಬಲ್ಬ್ ಕಾಣುವುದಿಲ್ಲ.

ಮೇಣದ ಬತ್ತಿ ಹಚ್ಚುವುದಾದರೆ ಸುವಾಸನೆ ಇಲ್ಲದ್ದನ್ನು ಆರಿಸಿ. ಬತ್ತಿಯನ್ನು 5 ಮಿಲಿಮೀಟರಿಗೆ ಕತ್ತರಿಸಿ, ಪರದೆಯಿಂದ ದೂರವಿಡಿ, ಆರಿಸಿದ ಮೇಲೆ ಕಿಟಕಿ ತೆರೆಯಿರಿ. ಹತ್ತಾರು ಬತ್ತಿ ಉರಿದ ಕೋಣೆಯ ಗಾಳಿಯಲ್ಲಿ ಸೂಕ್ಷ್ಮ ಮಸಿ ಕಣಗಳು ತುಂಬಿಕೊಳ್ಳುತ್ತವೆ. ಡೇನರು 'ಹ್ಯೂಗ' ಎನ್ನುವ ಬೆಚ್ಚನೆಯ ನೆಮ್ಮದಿಗೆ ಎರಡು ಬತ್ತಿ ಧಾರಾಳ.

ಹಂತ 5: ಮರ

ಬರ್ಚ್, ಪೈನ್, ಆಶ್, ಬೀಚ್, ಓಕ್: ತಿಳಿ ಬಣ್ಣದ ಮರಗಳ ಪಟ್ಟಿ ಇದು. ಆದರೆ ತಿಳಿ ಮರ ಮಾತ್ರ ನಾರ್ಡಿಕ್ ಎನ್ನುವುದು ತಪ್ಪು ತಿಳಿವಳಿಕೆ. 1950 ಮತ್ತು 60ರ ದಶಕಗಳಲ್ಲಿ ಡೆನ್ಮಾರ್ಕಿನ ಪೀಠೋಪಕರಣಗಳಲ್ಲಿ ತೇಗ ರಾರಾಜಿಸಿತ್ತು. ನಿಮ್ಮಲ್ಲಿ ಈಗಾಗಲೇ ಗಾಢ ಮರದ ಸಾಮಾನಿದ್ದರೆ ಅದಕ್ಕೆ ಬಿಳಿ ಬಣ್ಣ ಬಳಿಯುವ ಪಾಪ ಮಾಡಬೇಡಿ. ಒಂದು ಕೋಣೆಯಲ್ಲಿ ಎರಡು ಬಗೆಯ ಮರ ಇರಲಿ, ಅದರಲ್ಲಿ ಒಂದು ಹೆಚ್ಚಾಗಿ ಕಾಣಲಿ.

ಮರಕ್ಕಿಂತ ಮುಖ್ಯವಾದದ್ದು ಅದರ ಮೇಲಿನ ಲೇಪ. ದಪ್ಪ ಹೊಳಪಿನ ವಾರ್ನಿಷ್ ಹಾಕಿದರೆ ಎಂಥ ಒಳ್ಳೆಯ ಮರವೂ ಪ್ಲಾಸ್ಟಿಕ್ ಆಗುತ್ತದೆ. ಡೆನ್ಮಾರ್ಕಿನಲ್ಲಿ ತಿಳಿ ಮರಕ್ಕೆ ಸೋಪು ಹಾಕುವ ಹಳೆಯ ಪದ್ಧತಿ ಇದೆ. ಮರ ಹಳದಿಯಾಗದೆ, ಕೈಗೆ ರೇಷ್ಮೆಯಂತೆ ಹತ್ತುತ್ತದೆ. ಮನೆಯಲ್ಲೇ ಮಾಡಬಹುದು. ಹಿಂದೆ ವಾರ್ನಿಷ್ ಅಥವಾ ಎಣ್ಣೆ ಕಾಣದ, ಬರಿ ಮರದ ಒಂದು ಸಣ್ಣ ಸ್ಟೂಲಿನಿಂದ ಶುರು ಮಾಡಿ:

1. ಒದ್ದೆ ಬಟ್ಟೆಯಿಂದ ಮರವನ್ನು ಒರೆಸಿ, ಒಣಗಲು ಬಿಡಿ. ಸಣ್ಣ ನಾರುಗಳು ಎದ್ದು ನಿಂತು ಮೇಲ್ಮೈ ತರಕಲಾಗುತ್ತದೆ. 220ರ ನುಣುಪು ಮರಳುಕಾಗದದಿಂದ, ಮರದ ಎಳೆ ಓಡುವ ದಿಕ್ಕಿನಲ್ಲೇ, ಹಗುರವಾಗಿ ಉಜ್ಜಿ ದೂಳು ಒರೆಸಿ.

2. ಸುವಾಸನೆ, ಬಣ್ಣ ಏನೂ ಬೆರೆಸದ ಶುದ್ಧ ಸೋಪಿನ ಚೂರುಗಳನ್ನು ಬಿಸಿ ನೀರಿನಲ್ಲಿ ಕರಗಿಸಿ. ಒಂದು ಲೀಟರ್ ನೀರಿಗೆ 100 ಮಿಲಿಲೀಟರ್ ಅಳತೆಯ ಲೋಟದಷ್ಟು ಚೂರು. ಪೊಟ್ಟಣದ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಿ. ಬಟ್ಟೆ ತೊಳೆಯುವ ಡಿಟರ್ಜೆಂಟ್ ಪುಡಿ ಇದಕ್ಕೆ ಆಗದು.

3. ದ್ರಾವಣ ತಣ್ಣಗಾಗುತ್ತ ಬಂದಾಗ ಕಡೆದು ನೊರೆ ಎಬ್ಬಿಸಿ. ಸ್ಪಂಜಿನಲ್ಲಿ ನೊರೆ ತೆಗೆದು ಎಳೆಯ ಗುಂಟ ಹಚ್ಚಿ. ಸ್ಟೂಲಿನ ಮೇಲ್ಭಾಗ ಮಾತ್ರವಲ್ಲ, ಅಡಿಭಾಗಕ್ಕೂ ಹಚ್ಚಬೇಕು. ಒಂದೇ ಬದಿ ಒದ್ದೆಯಾದ ಹಲಗೆ ಸೊಟ್ಟಗಾಗುತ್ತದೆ.

4. ಐದು ನಿಮಿಷ ಬಿಟ್ಟು, ಹೆಚ್ಚಾದ ನೊರೆಯನ್ನು ಹಿಂಡಿದ ಬಟ್ಟೆಯಿಂದ ಒರೆಸಿ, ರಾತ್ರಿಯಿಡೀ ಒಣಗಿಸಿ. ಮರುದಿನ ಮತ್ತೆ ಹಗುರವಾಗಿ ಉಜ್ಜಿ, ಮತ್ತೆ ಹಚ್ಚಿ. ಮೂರು ನಾಲ್ಕು ಸುತ್ತು ಬೇಕಾಗುತ್ತದೆ. ಮೊದಲ ಸುತ್ತಿನ ನಂತರ ಏನೂ ಬದಲಾದಂತೆ ಕಾಣದು. ಮೂರನೆಯ ಸುತ್ತಿಗೆ ಅಂಗೈ ಆಡಿಸಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಓಕ್ ಮರಕ್ಕೆ ಉಕ್ಕಿನ ನಾರು ತಾಗಿಸಬೇಡಿ. ಓಕ್‌ನಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಕಬ್ಬಿಣದ ಜೊತೆ ಸೇರಿ ಕಪ್ಪು ಕಲೆ ಕಟ್ಟುತ್ತದೆ. ಸೋಪಿನ ಲೇಪಕ್ಕೆ ನೀರಿನ ಲೋಟದ ಗುರುತು ಬೀಳುವುದುಂಟು. ಅಂಥಲ್ಲಿ ಮತ್ತೆ ನೊರೆ ಹಚ್ಚಿದರೆ ಹೆಚ್ಚಿನವು ಮಾಯವಾಗುತ್ತವೆ. ಇದನ್ನು ಸಹಿಸದವರು ಈ ದಾರಿಗೆ ಬರದಿರುವುದೇ ಲೇಸು.

ಗಾಢ ಮರಕ್ಕೆ ಎಣ್ಣೆಯೇ ಸರಿ. ಇಲ್ಲೊಂದು ದೊಡ್ಡ ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತನಗೆ ತಾನೇ ಹೊತ್ತಿಕೊಳ್ಳಬಹುದು. ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗಿನ ಶಾಖಕ್ಕೆ ಹೊರಹೋಗಲು ದಾರಿ ಇರುವುದಿಲ್ಲ. ಬೆಂಕಿ ಕಡ್ಡಿಯೇ ಬೇಕಿಲ್ಲ. ಬಳಸಿದ ಬಟ್ಟೆಯನ್ನು ಬಯಲಲ್ಲಿ ಒಂಟಿ ಪದರವಾಗಿ ಹರಡಿ ಪೂರ್ತಿ ಒಣಗಿಸಿ, ಇಲ್ಲವೇ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡಿ.

ಹಂತ 6: ಬಟ್ಟೆ, ಮತ್ತು ಬಣ್ಣಕ್ಕೆ ಹೆದರಬೇಡಿ

ಗೋಡೆ ತಿಳಿಯಾದ ಮೇಲೆ ಕೋಣೆಗೆ ಜೀವ ಬರುವುದು ಮೇಲ್ಮೈಗಳ ವ್ಯತ್ಯಾಸದಿಂದ. ಒರಟು ಉಣ್ಣೆಯ ಪಕ್ಕದಲ್ಲಿ ನುಣುಪು ಹತ್ತಿ, ಸುಕ್ಕು ಲಿನನ್ ಪಕ್ಕದಲ್ಲಿ ಹೆಣೆದ ಹೊದಿಕೆ. ಎಲ್ಲವೂ ಒಂದೇ ನುಣುಪಾಗಿದ್ದರೆ ಬೆಲೆ ಬಾಳುವ ಸಾಮಾನೂ ಸಪ್ಪೆ. ಲಿನನ್ ಕೊಂಡರೆ ಹೊಲಿಯುವ ಮೊದಲು ಒಮ್ಮೆ ಒಗೆಯಿರಿ, ಮೊದಲ ಒಗೆತಕ್ಕೆ ಅದು ಕುಗ್ಗುತ್ತದೆ. ಇಸ್ತ್ರಿಯ ಗೋಜು ಬೇಡ, ಆ ಸುಕ್ಕೇ ಅದರ ಚೆಲುವು.

ನೆಲಹಾಸು ಕೊಳ್ಳುವಾಗ ಸಣ್ಣದನ್ನು ಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಸೋಫಾದ ಮುಂಗಾಲುಗಳಾದರೂ ಹಾಸಿನ ಮೇಲೆ ನಿಲ್ಲಬೇಕು. ನೆಲದ ಮೇಲೆ ಹಳೆಯ ಪತ್ರಿಕೆಗಳನ್ನು ಹರಡಿ ಅಳತೆ ಗೊತ್ತು ಮಾಡಿಕೊಂಡು ಆಮೇಲೆ ಅಂಗಡಿಗೆ ಹೋಗಿ. ಹರಿದ ಬಟ್ಟೆಯ ಪಟ್ಟಿಗಳನ್ನೇ ನೇಯ್ದು ಮಾಡುವ ಹಾಸು ಸ್ವೀಡನ್ನಿನಲ್ಲಿ ಹಳೆಯ ರೂಢಿ. ಅದರಂಥದ್ದು ಸಿಕ್ಕರೆ ಕಣ್ಣು ಮುಚ್ಚಿ ತನ್ನಿ.

ಈಗ ಬಣ್ಣ. ನಾರ್ಡಿಕ್ ಎಂದರೆ ಬಿಳಿ, ಬೂದು, ಕಪ್ಪು ಎಂದು ಯಾರೋ ಹಬ್ಬಿಸಿಬಿಟ್ಟಿದ್ದಾರೆ. ಫಿನ್‌ಲೆಂಡಿನ ಮರಿಮೆಕ್ಕೊ ಎಂಬ ಬಟ್ಟೆ ಸಂಸ್ಥೆಗೆ ಮೈಯಾ ಇಸೋಲಾ 1964ರಲ್ಲಿ ಬಿಡಿಸಿದ ಉನಿಕ್ಕೊ ಎಂಬ ಗಸಗಸೆ ಹೂವಿನ ವಿನ್ಯಾಸ ಗೋಡೆಯಿಡೀ ತುಂಬುವಷ್ಟು ದೊಡ್ಡದು, ಕೆಂಡದಷ್ಟು ಕೆಂಪು. 1930ರ ದಶಕದಲ್ಲಿ ವಿಯೆನ್ನಾದಿಂದ ಸ್ಟಾಕ್‌ಹೋಮಿಗೆ ಬಂದ ಜೋಸೆಫ್ ಫ್ರಾಂಕ್ ಬಳ್ಳಿ, ಹಣ್ಣು, ಹಕ್ಕಿಗಳಿಂದ ಕಿಕ್ಕಿರಿದ ಬಟ್ಟೆಗಳನ್ನು ವಿನ್ಯಾಸ ಮಾಡಿದರು. ಆದ್ದರಿಂದ ಒಂದು ಕೋಣೆಗೆ ಒಂದು ದಿಟ್ಟ ವಿನ್ಯಾಸ, ಒಂದು ದಿಂಬಿಗೋ ಪರದೆಗೋ, ಧೈರ್ಯವಾಗಿ ಹಾಕಿ. ಅದರಲ್ಲಿರುವ ಒಂದು ಬಣ್ಣವನ್ನು ಕೋಣೆಯ ಇನ್ನೊಂದು ಮೂಲೆಯಲ್ಲಿ ಸಣ್ಣದಾಗಿ ಮತ್ತೆ ತೋರಿಸಿ, ಸಾಕು.

ಹಂತ 7: ಕುರ್ಚಿ, ಮೇಜು, ಕಪಾಟು

ಇದನ್ನು ಬೇಗ ಮುಗಿಸುತ್ತೇನೆ. ಸಣ್ಣ ಕೋಣೆಯಲ್ಲಿ ಕಾಲುಗಳ ಮೇಲೆ ನಿಂತ, ಅಡಿಯಲ್ಲಿ ನೆಲ ಕಾಣುವ ಸಾಮಾನು ಹಗುರವೆನಿಸುತ್ತದೆ. ಫಿನ್‌ಲೆಂಡಿನ ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ 1933ರಲ್ಲಿ ರೂಪಿಸಿದ ಬರ್ಚ್ ಸ್ಟೂಲಿಗೆ ಮೂರೇ ಕಾಲು, ಒಂದರ ಮೇಲೊಂದು ಪೇರಿಸಿದರೆ ಹತ್ತು ಸ್ಟೂಲು ಒಂದರ ಜಾಗದಲ್ಲಿ ನಿಲ್ಲುತ್ತವೆ. ಅಂಥದ್ದನ್ನು ಹುಡುಕಿ: ಕೂರಲೂ ಆಗಬೇಕು, ಪುಸ್ತಕ ಇಡಲೂ ಆಗಬೇಕು. ಹೆಸರಾಂತ ಕುರ್ಚಿಗಳ ಅಗ್ಗದ ನಕಲು ಬೇಡ, ಅದರ ಕೀಲುಗಳು ಬೇಗ ಸಡಿಲವಾಗುತ್ತವೆ. ಅದೇ ದುಡ್ಡಿಗೆ ಹಳೆಯ, ಗಟ್ಟಿ ಮರದ, ಹೆಸರಿಲ್ಲದ ಕುರ್ಚಿ ವಾಸಿ. ಕೊಳ್ಳುವ ಮುನ್ನ ಬೋರಲು ಹಾಕಿ ಅಡಿಭಾಗ ನೋಡಿ. ಒತ್ತಿದ ಮರದ ಪುಡಿಯ ಹಲಗೆಯೋ ನಿಜವಾದ ಮರವೋ ಅಲ್ಲಿ ತಿಳಿಯುತ್ತದೆ. ಕಪಾಟಿನಲ್ಲಿ ಮೂರನೇ ಒಂದು ಭಾಗ ಖಾಲಿ ಬಿಡಿ.

ಹಂತ 8: ಪ್ರಕೃತಿಯನ್ನು ಒಳಗೆ ಕರೆಯುವುದು

ಗಿಡ ತರುವ ಮೊದಲು ಕುರ್ಚಿ ತಿರುಗಿಸಿ. ಕಿಟಕಿಯಾಚೆ ಒಂದೇ ಮರ ಕಂಡರೂ, ದಿನದಲ್ಲಿ ಹೆಚ್ಚು ಹೊತ್ತು ಕೂರುವ ಆಸನ ಅದಕ್ಕೆ ಮುಖ ಮಾಡಿರಲಿ. ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ಪೈಕಿ ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು. ಚಿಕ್ಕ ಅಧ್ಯಯನವೇ, ಆದರೆ ಕುರ್ಚಿ ತಿರುಗಿಸಲು ಖರ್ಚೇನೂ ಇಲ್ಲವಲ್ಲ.

ಗಿಡ ಎಲ್ಲಿಡಬೇಕೆಂದು ತಿಳಿಯಲು ನೆರಳಿನ ಪರೀಕ್ಷೆ ಮಾಡಿ. ಹಗಲು ಹೊತ್ತಿನಲ್ಲಿ ಆ ಜಾಗದಲ್ಲಿ ಬಿಳಿ ಹಾಳೆ ಇಟ್ಟು, 30 ಸೆಂಟಿಮೀಟರ್ ಮೇಲೆ ಅಂಗೈ ಹಿಡಿಯಿರಿ. ಬೆರಳುಗಳ ಅಂಚು ಸ್ಪಷ್ಟವಾಗಿ ಮೂಡಿದರೆ ಬೆಳಕು ಚೆನ್ನಾಗಿದೆ. ಕೈಯ ಆಕಾರ ಮಸುಕಾಗಿ ಕಂಡರೆ ಮಧ್ಯಮ. ನೆರಳೇ ಬೀಳದಿದ್ದರೆ ಅಲ್ಲಿ ಗಿಡ ಬೇಡ, ಕಲ್ಲು ಅಥವಾ ಒಣ ಕೊಂಬೆ ಇಡಿ. ಮಧ್ಯಮ ಬೆಳಕಿಗೆ ಸ್ನೇಕ್ ಪ್ಲಾಂಟ್, ಝಡ್‌ಝಡ್, ಮನಿಪ್ಲಾಂಟ್ ಒಗ್ಗುತ್ತವೆ. ಆದರೆ ಈ ಮೂರೂ ಬೆಕ್ಕು ನಾಯಿಗಳು ಕಚ್ಚಿದರೆ ಅಪಾಯ. ಲಿಲ್ಲಿ ಹೂವಂತೂ ಬೆಕ್ಕಿನ ಪ್ರಾಣಕ್ಕೇ ಕುತ್ತು.

ಮನೆಗಿಡಗಳು ಸಾಯುವುದು ಬಾಯಾರಿಕೆಯಿಂದಲ್ಲ, ಹೆಚ್ಚಾಗಿ ಅತಿ ಆರೈಕೆಯಿಂದ. ಬೆರಳನ್ನು ಮೊದಲ ಗಿಣ್ಣಿನವರೆಗೆ ಮಣ್ಣಿಗೆ ಇಳಿಸಿ. ತೇವ ತಾಗಿದರೆ ನೀರು ಬೇಡ. ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಎಂಬ ಮಾರಾಟದ ಮಾತನ್ನೂ ನಂಬಬೇಡಿ. ಆ ಮಾತಿಗೆ ಆಧಾರವಾಗಿ ತೋರಿಸುವ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ. ಆಮೇಲೆ ನಡೆದ ಪರಾಮರ್ಶೆಯ ಲೆಕ್ಕದಂತೆ, ಕಿಟಕಿ ತೆರೆದಷ್ಟು ಪರಿಣಾಮಕ್ಕೆ ಪ್ರತಿ ಚದರ ಮೀಟರಿಗೆ ಕಡಿಮೆಯೆಂದರೂ ಹತ್ತು ಗಿಡ ಬೇಕು. ಗಿಡವನ್ನು ಕಣ್ಣಿಗಾಗಿ ಇಡಿ, ಗಾಳಿಗೆ ಕಿಟಕಿ ಇದೆ.

ಕೊಂಬೆ, ಕಲ್ಲು, ಪೈನ್ ಕಾಯಿ ಆರಿಸಿ ತರುವವರಿಗೆ: ನೆಲಕ್ಕೆ ಬಿದ್ದದ್ದನ್ನು ಮಾತ್ರ, ಅನುಮತಿ ಇರುವ ಕಡೆಯಿಂದ ಮಾತ್ರ. ಸ್ವೀಡನ್ನಿನಲ್ಲಿ ಯಾರು ಬೇಕಾದರೂ ಕಾಡಿನಲ್ಲಿ ಅಡ್ಡಾಡಿ ಹಣ್ಣು, ಅಣಬೆ ಆಯ್ದುಕೊಳ್ಳುವ ಹಕ್ಕಿದೆ, ಅಲ್ಲಿ ಕೂಡ ಜೀವಂತ ಮರದ ರೆಂಬೆ ಮುರಿಯುವಂತಿಲ್ಲ. ಚೌಕಟ್ಟಿನಲ್ಲಿ ಬರುವ ಬಣ್ಣ ಹಾಕಿದ 'ಪಾಚಿ ಗೋಡೆ' ಬಹಳಷ್ಟು ಸಲ ಪಾಚಿಯಲ್ಲ, ಹಿಮಸಾರಂಗಗಳು ತಿನ್ನುವ ಕಲ್ಲುಹೂವು. ಅದು ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಎಲ್ಲಿಂದ ಬಂತೆಂದು ವಿಚಾರಿಸಿ ಕೊಳ್ಳಿ. ಆರಿಸಿ ತಂದ ಪೈನ್ ಕಾಯಿಗಳಲ್ಲಿ ಹುಳುಗಳಿರುತ್ತವೆ. 90-100 ಡಿಗ್ರಿಯ ಓವನ್‌ನಲ್ಲಿ ಅರ್ಧ ಗಂಟೆ ಇಡಿ, ಅಷ್ಟು ಹೊತ್ತೂ ಪಕ್ಕದಲ್ಲೇ ಇರಿ.

ಒಂದೇ ಗಿಡ ತರುವುದಾದರೆ ಯಾವುದು ಎಂದು ಕೇಳುವವರಿಗೆ ನನ್ನ ಉತ್ತರ ಪೈಲಿಯಾ. ನಾಣ್ಯದಂತೆ ದುಂಡಗಿನ ಎಲೆ, ಉದ್ದ ತೊಟ್ಟು, ಸಾಕುಪ್ರಾಣಿಗಳಿಗೆ ವಿಷವಲ್ಲ. ಚೀನಾದ ಈ ಗಿಡವನ್ನು ನಾರ್ವೆಯ ಮಿಷನರಿ ಆಗ್ನಾರ್ ಎಸ್ಪೆಗ್ರೆನ್ 1946ರಲ್ಲಿ ಊರಿಗೆ ತಂದರು. ಅಲ್ಲಿಂದ ಅದು ಕುಡಿಯಿಂದ ಕುಡಿಯಾಗಿ, ಕೈಯಿಂದ ಕೈಗೆ ದಾಟಿ ಸ್ಕ್ಯಾಂಡಿನೇವಿಯಾದ ಕಿಟಕಿ ಕಟ್ಟೆಗಳನ್ನೆಲ್ಲ ತುಂಬಿತು. ನೇರ ಬಿಸಿಲು ತಾಗದ, ಬೆಳಕಿರುವ ಕಿಟಕಿಯಲ್ಲಿ ಇಟ್ಟು, ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ, ಇಲ್ಲದಿದ್ದರೆ ಎಲೆಗಳೆಲ್ಲ ಗಾಜಿನ ಕಡೆಗೇ ವಾಲುತ್ತವೆ. ಬುಡದಲ್ಲಿ ಏಳುವ ಮರಿಗಳು 5 ಸೆಂಟಿಮೀಟರ್ ಎತ್ತರವಾದಾಗ ಚೂಪಾದ ಚಾಕುವಿನಿಂದ ಮಣ್ಣಿನ ಮಟ್ಟದ ಕೆಳಗೆ ಕತ್ತರಿಸಿ ತೆಗೆಯಿರಿ. ಬೇರು ಸಿಕ್ಕಿದ್ದರೆ ನೇರ ಮಣ್ಣಿಗೆ, ಇಲ್ಲದಿದ್ದರೆ ಲೋಟದ ನೀರಿಗೆ. ಎರಡು ಮೂರು ವಾರದಲ್ಲಿ ಬಿಳಿ ಬೇರು ಇಳಿಯುತ್ತದೆ, ಆಗ ಪಕ್ಕದ ಮನೆಗೆ ಕೊಡಬಹುದು.